ಹೆರೆದ ಗುಲಾಬಿಗಳು

ಜಪಾನಿನ ಸಾಮಾನುಗಳನ್ನು ದೇಶವಿದೇಶಗಳ ಮಹಾಪ್ರದರ್ಶನದಲ್ಲಿ ಕಂಡು ಬಂದ ಮೇಲೆ ಪ್ಯಾರಿಸ್ಸಿನ ಸಿರಿವಂತರಿಗೆ ಹಳೆಯದು ಯಾವುದೂ ಕಣ್ಣಿಗೆ ಹಿಡಿಸದಂತಾಯಿತು. ಕನ್ನಡಿಯಂತೆ ಹೊಳೆಯುವ ಕರಿ ಅರಗಿನ ಮೆರುಗು, ಮೂಲೆಯಲ್ಲೆಲ್ಲೋ ಒಂದು ಬಂಗಾರದ ಕೊಕ್ಕರೆ, ಉಳಿದದ್ದೆಲ್ಲ ಖಾಲಿ. ಅಂಥ ಬೀರುಗಳೇ ಬೇಕು. ಸೇಂತ್ ಆಂತ್ವಾನ್ ಪೇಟೆಯ ಕೆನೆಲ್ ಎಂಬವನ ಮರಗೆಲಸದ ಕಾರ್ಖಾನೆಯಲ್ಲಿ ಆ ಕೊಕ್ಕರೆಗಳನ್ನು ಬರೆಯುತ್ತಿದ್ದವಳು ಫಿಲೊಮೆನ್. ಅವಳ ಅಪ್ಪ ಇಲೇರ್ ಅಲ್ಲೇ ಕೆತ್ತನೆಗಾರ. ಗುಲಾಬಿ, ದ್ರಾಕ್ಷಿಬಳ್ಳಿ ಕೆತ್ತುವುದರಲ್ಲಿ ಪೇಟೆಯಲ್ಲೇ ಅವನಿಗೆ ಸಾಟಿಯಿರಲಿಲ್ಲ. ಈಗ ಗುಲಾಬಿ ಯಾರಿಗೂ ಬೇಡ.

ಒಮ್ಮೆ ಅವನಿಗೆ ಡ್ರ್ಯಾಗನ್ ಕೆತ್ತಲು ಕೊಟ್ಟರು. ಕೆತ್ತಿದ.

"ಏನಯ್ಯಾ ಇಲೇರ್, ನಿನ್ನ ಡ್ರ್ಯಾಗನ್ನು ಇನ್ನೇನು ಬೊಗಳೋ ಹಾಗಿದೆ" ಎಂದರು ಜೊತೆಗಾರರು. ಅವನೂ ಅವರ ಜೊತೆ ನಕ್ಕ. ಮನೆಗೆ ಬಂದು ಈರುಳ್ಳಿ ಸೂಪು ಮುಟ್ಟಲಿಲ್ಲ.

ಆಮೇಲೊಂದು ದಿನ ಕೆನೆಲ್ ಅವರಿಬ್ಬರನ್ನೂ ಗೋದಾಮಿಗೆ ಕರೆದ. ಅಪ್ಪ ಕೆತ್ತಿದ ಗುಲಾಬಿಯ ಬೀರು ಅಲ್ಲಿ ಧೂಳು ತಿನ್ನುತ್ತಿತ್ತು.

"ಮರ ಚೆನ್ನಾಗಿದೆ. ಹೂವೆಲ್ಲ ಹೆರೆದು ಸಪಾಟು ಮಾಡಿಸ್ತೀನಿ. ಹುಡುಗಿ ಕಪ್ಪು ಬಳಿದು ಕೊಕ್ಕರೆ ಬರೀಲಿ."

"ಬೇರೆ ಬೀರು ಕೊಡಿ ಯಜಮಾನ್ರೇ" ಎಂದಳು ಫಿಲೊಮೆನ್. "ಇದಕ್ಕೆ ಅಪ್ಪ ಜೀವ ತೇದಿದ್ದಾನೆ."

"ಗೊತ್ತಮ್ಮಾ. ಕೊಳ್ಳೋರಿಗೆ ಗೊತ್ತಾಗ್ತಿಲ್ವಲ್ಲ."

ಇಲೇರ್ ಬೀರುವಿನ ಮೇಲೆ ಕೈಯಾಡಿಸಿದ. "ಬೇರೆಯವರು ಮುಟ್ಟೋದು ಬೇಡ. ನಾನೇ ಹೆರೀತೀನಿ."

ಉಳಿಯಿಂದ ದಳಗಳನ್ನು ಎಬ್ಬಿಸಿದ, ಆಮೇಲೆ ಮರ ಹೆರೆಯುವ ತೋಪಡಾ ಹಿಡಿದ. ಮರದ ಸುರುಳಿಗಳು ಅವನ ಮೊಣಕಾಲವರೆಗೆ ಬಿದ್ದವು.

"ಅಪ್ಪಾ, ಸಾಕು ಬಿಡು. ನೀನು ಹೊರಗೆ ಕೂತ್ಕೋ."

"ಸುಮ್ನಿರು. ಎಳೆ ನೋಡಿ ಹೆರೀಬೇಕು. ಇಲ್ದಿದ್ರೆ ಮರ ಸೀಳಿ ನಿನ್ನ ಕೊಕ್ಕರೆ ಕಾಲು ಮುರಿಯತ್ತೆ."

ಅವಳು ಅರಗು ಬಳಿದಳು, ಒಣಗಿದ ಮೇಲೆ ಉಜ್ಜಿದಳು, ಮತ್ತೆ ಬಳಿದಳು. ಕೊಕ್ಕರೆ ಬರೆಯುವಾಗ ಕೈ ತಪ್ಪಲಿ ಎಂದು ಒಳಗೊಳಗೇ ಹರಕೆ ಹೊತ್ತಳು. ಕೈ ತಪ್ಪಲಿಲ್ಲ. ಅಷ್ಟು ಒಳ್ಳೆಯ ಕೊಕ್ಕರೆ ಅವಳ ಕುಂಚದಿಂದ ಹಿಂದೆಂದೂ ಬಂದಿರಲಿಲ್ಲ.

ಇಲೇರ್ ಬಂದು ನಿಂತು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ ಮಗಳೇ. ನನ್ನದಕ್ಕಿಂತ ಚೆನ್ನಾಗಿದೆ."

ಅವನ ದನಿಯಲ್ಲಿ ಎಲ್ಲಾದರೂ ಸಿಟ್ಟಿದೆಯೇ ಎಂದು ಅವಳು ಹುಡುಕಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ. ಅವನು ನಿಜವನ್ನೇ ಹೇಳಿದ್ದ.

ಬೀರು ಆ ವಾರವೇ ಮಾರಿಹೋಯಿತು. ಕೆನೆಲ್ ಗೋದಾಮಿನಲ್ಲಿದ್ದ ಉಳಿದ ಗುಲಾಬಿ ಬೀರುಗಳನ್ನೂ ಹೊರಗೆಳೆಸಿದ. ಅವನ್ನು ಹೆರೆಯಲು ಇಲೇರ್ ಬರಲಿಲ್ಲ. ಕಾರ್ಖಾನೆಗೇ ಬರಲಿಲ್ಲ. ಉಳಿಗಳನ್ನು ಯಾರಿಗೋ ಕೊಟ್ಟುಬಿಟ್ಟ.

ಈಗ ಸಂಜೆ ಅವಳು ಮನೆಗೆ ಬಂದಾಗ ಅವನು ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಒಲೆ ಹಚ್ಚಿರುವುದಿಲ್ಲ. ಅವಳೇ ಸೂಪು ಕಾಯಿಸಿ, ಬ್ರೆಡ್ಡು ಮುರಿದು ಅದರಲ್ಲಿ ಅದ್ದಿ ಬಾಯಿಯ ಹತ್ತಿರ ಹಿಡಿಯುತ್ತಾಳೆ. ಅವಳ ಉಗುರು ಸಂದಿಯ ಅರಗಿನ ಕಪ್ಪನ್ನು ನೋಡಿ ಅವನು ಕಣ್ಣು ಮುಚ್ಚುತ್ತಾನೆ.

"ಒಂದು ತುತ್ತು ತಿನ್ನಪ್ಪಾ."

"ಬೇಡಮ್ಮಾ. ನೀನು ತಿಂದು ಮಲಗು. ಬೆಳಿಗ್ಗೆ ಕೆಲಸ ಇದೆ ನಿಂಗೆ."