ಬಾಡಿಗೆದಾರನ ಆಕ್ಷೇಪಣೆ

ಹೊಸ ಕಾನೂನು ಬಂದ ಮೇಲೆ ಕರೆಂಟು ತಯಾರಿಸುವ ಗಾಳಿಯಂತ್ರಗಳನ್ನು ಬೇಡ ಎನ್ನುವ ಹಕ್ಕು ಪುರಸಭೆಗೆ ಉಳಿಯಲಿಲ್ಲ. ಮನೆಗೂ ಯಂತ್ರದ ಕಂಬಕ್ಕೂ ಇರಬೇಕಾದ ಅಂತರವನ್ನು ಅರ್ಧಕ್ಕೆ ಇಳಿಸಿದ್ದರು. ಆಕ್ಷೇಪಣೆ ಸಲ್ಲಿಸುವ ಅಧಿಕಾರ ಮನೆಯ ಮಾಲೀಕರಿಗೆ ಮಾತ್ರ. ಯೋಜನಾಧಿಕಾರಿಯಾಗಿದ್ದ ಅಕ್ಕ ಅದನ್ನು ಓದಿ ಒಳಗೊಳಗೇ ಖುಷಿಪಟ್ಟಿದ್ದಳು. ವರ್ಷಗಟ್ಟಲೆ ಕೊಳೆಯುತ್ತಿದ್ದ ಕಡತಗಳು ಇನ್ನಾದರೂ ಅಲುಗಾಡುತ್ತವೆ, ಕಲ್ಲಿದ್ದಲಿನ ಹೊಗೆ ಕಡಿಮೆಯಾಗುತ್ತದೆ ಎಂದು ನಂಬಿದವಳು ಅವಳು.

ಅವಳ ತಮ್ಮ ಊರಾಚೆಯ ದಿಬ್ಬದ ಕೆಳಗೆ ಬಾಡಿಗೆ ಮನೆಯಲ್ಲಿದ್ದ. ಬೇಕರಿಯಲ್ಲಿ ರಾತ್ರಿ ಪಾಳಿ. ಜಗತ್ತು ಏಳುವ ಹೊತ್ತಿಗೆ ಮಲಗುವವನು. ಆ ದಿಬ್ಬದ ಮೇಲೆ ಗಾಳಿಯಂತ್ರ ನಿಲ್ಲಿಸುವ ಅರ್ಜಿಯ ವಿಚಾರಣೆಯ ದಿನ ತೋಳಿಗೆ ಮೆತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ಪುರಸಭೆಗೆ ಬಂದು ಎದ್ದು ನಿಂತ.

“ಅಕ್ಕಾ, ನಾನು ಹಗಲು ಮಲಗೋನು. ಅಷ್ಟು ಹತ್ರ ತಂದು ನಿಲ್ಲಿಸಿದ್ರೆ ಹೇಗೆ?”

ಹಿಂದಿನ ಸಾಲಿನಲ್ಲಿ ಯಾರೋ, “ಸರಿಹೋಯ್ತು, ಇನ್ನು ಮನೆ ಪಂಚಾಯ್ತಿ,” ಎಂದರು. ನಗು ಹರಡಿತು. ಅಕ್ಕನ ಕಿವಿ ಬಿಸಿಯಾಯಿತು.

“ಇಲ್ಲಿ ನಾನು ಅಕ್ಕ ಅಲ್ಲ, ಅಧಿಕಾರಿ. ನೀವು ಬಾಡಿಗೆದಾರರು. ನಿಮ್ಮ ಮಾಲೀಕರು ಒಪ್ಪಿಗೆ ಕೊಟ್ಟಾಗಿದೆ. ನಿಮ್ಮ ಆಕ್ಷೇಪಣೆ ದಾಖಲು ಮಾಡೋಕೆ ಬರಲ್ಲ.”

ಆ ‘ನೀವು’ ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು. “ಆಯ್ತು ಮೇಡಂ,” ಎಂದು ಕೂತ.

ಮಂಜೂರಾತಿಗೆ ಸಹಿ ಹಾಕುವಾಗ ಅವಳು ತನ್ನದೊಂದು ಷರತ್ತು ಸೇರಿಸಿದಳು: ಸದ್ದು ಮಿತಿಮೀರಿದರೆ ಯಂತ್ರ ನಿಲ್ಲಿಸಬೇಕು. ರಾಜ್ಯ ಮಂಡಳಿ ಅದನ್ನು ಹೊಡೆದುಹಾಕಿತು. ಕಾನೂನಿಗಿಂತ ಬಿಗಿಯಾದ ಷರತ್ತು ಹಾಕಲು ಪುರಸಭೆಗೆ ಅಧಿಕಾರವಿಲ್ಲವಂತೆ. ಅವಳು ಮಂಡಳಿಯನ್ನು ಮತ್ತೊಮ್ಮೆ ಕೇಳಬಹುದಿತ್ತು. ತಮ್ಮನ ಪಕ್ಷ ವಹಿಸಿದಳು ಎಂದಾರೆಂಬ ಅಳುಕಿಗೆ ಕೇಳಲಿಲ್ಲ.

ಕಂಬಗಳು ಎದ್ದವು. ಪೇಟೆಯವರಿಗೆ ಏನೂ ಕೇಳಿಸುತ್ತಿರಲಿಲ್ಲ. ದಿಬ್ಬದ ಕೆಳಗೆ ಮಾತ್ರ ರೆಕ್ಕೆ ಇಳಿದಾಗಲೆಲ್ಲ ಗೋಡೆಯಾಚೆ ಯಾರೋ ಒದ್ದೆ ಕಂಬಳಿ ಎತ್ತೆತ್ತಿ ಒಗೆಯುವಂಥ ಸದ್ದು. ತಮ್ಮ ಕಿವಿಗೆ ಹತ್ತಿ ತುರುಕಿಕೊಂಡ. ಹಾಸಿಗೆಯನ್ನು ಬಚ್ಚಲಿನ ಪಕ್ಕಕ್ಕೆ ಎಳೆದ. ಬೇರೆ ಮನೆ ಹುಡುಕಿ ಸುಸ್ತಾದ. ಚಳಿಗಾಲ ಮುಗಿಯುವ ಮೊದಲೇ, ಹಿಟ್ಟು ಕಲಸುವ ಯಂತ್ರದ ಮುಂದೆ ನಿಂತಲ್ಲೇ ತೂಕಡಿಸಿದ. ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯ ಬಾಗಿಲಲ್ಲಿ ತಮ್ಮನ ಹೆಂಡತಿ ಅಡ್ಡ ನಿಂತಳು. “ಬಂದಿರೋದು ಅಧಿಕಾರಿನೋ, ಅಕ್ಕನೋ?”

“ಒಳಗೆ ಬಿಡೇ,” ಎಂದ ತಮ್ಮ, ಬ್ಯಾಂಡೇಜಿನ ಕೈಯನ್ನು ಹೊದಿಕೆಯೊಳಗೆ ಸರಿಸಿಕೊಳ್ಳುತ್ತ.

ಅಕ್ಕ ಮಂಚದ ಅಂಚಿನಲ್ಲಿ ಕೂತಳು. “ನಿನ್ನ ಆಕ್ಷೇಪಣೆ ನಾನು ಬರ್ಕೊಂಡಿದ್ರೂ ಕಂಬ ಬರೋದು ತಪ್ತಿರಲಿಲ್ಲ ಕಣೋ.”

“ಗೊತ್ತು. ಗಾಳಿಯಂತ್ರ ಬೇಡ ಅಂತ ನಾನೆಲ್ಲಿ ಅಂದೆ? ನಮ್ಮ ಬೇಕರಿಗೂ ಕರೆಂಟು ಬೇಕು. ಆದ್ರೂ ನಾನು ಹೇಳಿದ್ದು ಒಂದು ಸಾಲು ಬರ್ಕೋಬಹುದಿತ್ತಲ್ಲ ನೀನು.”

ಅವಳು ಅವನ ಎಡಗೈ ಹಿಡಿದುಕೊಂಡು ಅತ್ತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಹೆಂಡತಿಯ ಅಣ್ಣನ ಊರಿಗೆ ಹೋಗುವುದೆಂದು ಅವರು ಮನೆ ಖಾಲಿ ಮಾಡಿದರು. ಅಕ್ಕ ಕರೆಯದಿದ್ದರೂ ಬಂದಳು. ಪಾತ್ರೆಯ ಮೂಟೆಗೆ ಕೈ ಹಾಕಿದರೆ ತಮ್ಮನ ಹೆಂಡತಿ ಮೆಲ್ಲಗೆ ಕಸಿದುಕೊಂಡಳು. ಕೊನೆಗೆ ಕಬ್ಬಿಣದ ಮಂಚ ಉಳಿಯಿತು. ತಮ್ಮ ಬಗ್ಗಿ ಎತ್ತಲು ನೋಡಿದ. ಹಿಡಿತ ಸಿಗದೆ ಜಾರಿತು.

“ಆ ಕಡೆ ಹಿಡ್ಕೋ,” ಎಂದ ಅಕ್ಕನಿಗೆ.

ಇಬ್ಬರೂ ಸೇರಿ ಅದನ್ನು ಲಾರಿಗೆ ಹಾಕಿದರು. ಹೊರಡುವಾಗ ಹೊಸ ಊರಿನ ವಿಳಾಸವನ್ನು ಅವನು ಹೇಳಲಿಲ್ಲ, ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.