ವಿಶಾಲಮ್ಮನ ಪಥ್ಯ

ಲಿಂಗಪೂಜೆ ಮುಗಿದರೂ ಮರುಳಪ್ಪ ಮಣೆ ಬಿಟ್ಟು ಏಳಲಿಲ್ಲ. ಮುಂದಕ್ಕೆ ಬಾಗಿದರು, ನೆಲಕ್ಕೆ ಕೈಯೂರಿದರು, ಮತ್ತೆ ಕೂತರು. ಹೆಂಡತಿ ವಿಶಾಲಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕಾಲು ಜೋಮು ಹಿಡಿದೈತೆ ಕಣೇ," ಎಂದರು.

ಸುಳ್ಳು. ಪಂಚೆ ಸರಿದ ಕಡೆ ಕಾಣುತ್ತಿದ್ದ ತೊಡೆ ಅವಳ ತೋಳಿನಷ್ಟೂ ಇರಲಿಲ್ಲ. ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಮೂಟೆಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಬಾಯಿ ಹೊಲಿಯುತ್ತಿದ್ದ ಮನುಷ್ಯ! ಆ ಕಾಲು ಎಲ್ಲಿ ಹೋಯಿತು ಶಿವನೇ?

ಲಿವರ್ ಕೆಟ್ಟಿದೆ ಎಂದು ಗೊತ್ತಾಗಿ ಎರಡು ವರ್ಷವಾಗಿತ್ತು. ಮೂರು ತಿಂಗಳ ಹಿಂದೆ ಕಣ್ಣು ಹಳದಿಗೆ ತಿರುಗಿದಾಗ ವಿಶಾಲಮ್ಮ ಪಥ್ಯ ಹಿಡಿಸಿದಳು, ಮಾದಿಹಳ್ಳಿಯಲ್ಲಿ ಅವಳ ತಾಯಿ ಕಾಮಾಲೆಯಾದವರಿಗೆ ಮಾಡುತ್ತಿದ್ದ ಹಾಗೇ. ಬೆಳಗ್ಗೆ ಗಂಜಿ, ಮಧ್ಯಾಹ್ನ ನೀರುಮಜ್ಜಿಗೆ ಅನ್ನ. ಬೇಳೆ ಇಲ್ಲ, ಕಾಳಿಲ್ಲ, ಹೊತ್ತು ಮುಳುಗಿದ ಮೇಲೆ ಒಂದಗುಳೂ ಇಲ್ಲ. ಅವರು ಗೊಣಗಿದರೆ ಇವಳು ಗದರುವಳು. ವಾರಕ್ಕೊಮ್ಮೆ ಮರುಳಪ್ಪ ಮಂಡಿಯ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದರು. ತೂಕ ಇಳಿಯುವುದಿರಲಿ, ಎರಡು ಕೇಜಿ ಏರಿತ್ತು. "ನೋಡಿ, ನನ್ನ ಪಥ್ಯ ಮೈಗೆ ಹತ್ತೈತೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು, ಪುಣ್ಯಾತ್ಗಿತ್ತಿ.

ಮಣೆಯಿಂದ ಏಳಲಾಗದ ಆ ದಿನವೇ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದಳು. ಡಾಕ್ಟರ್ ಪುಷ್ಪಲತಾ ಇನ್ನೂ ಚಿಕ್ಕ ವಯಸ್ಸಿನವರು. ತೊಡೆ ಹಿಸುಕಿ ನೋಡಿದರು, ಹೊಟ್ಟೆ ತಟ್ಟಿದರು, ಕೈಕಟ್ಟಿಕೊಂಡು ಕುರ್ಚಿಯಿಂದ ಏಳಲು ಹೇಳಿದರು. ಮರುಳಪ್ಪ ಅರ್ಧ ಎದ್ದು ಕುಸಿದರು.

"ಮಾಂಸವೆಲ್ಲ ಕರಗಿದೆ ಅಮ್ಮ. ಊಟ ಏನು ಕೊಡ್ತಿದೀರಾ?"

ವಿಶಾಲಮ್ಮ ಹೇಳಿದಳು. ಹೇಳುತ್ತ ಹೇಳುತ್ತ ಡಾಕ್ಟರ ಮುಖ ನೋಡಿ ಅವಸರದಿಂದ ಸೇರಿಸಿದಳು: "ತೂಕ ಏರೈತಲ್ಲ ಡಾಕ್ಟ್ರೇ?"

"ಅದು ಹೊಟ್ಟೇಲಿ ತುಂಬಿರೋ ನೀರು."

ಮರುಳಪ್ಪ ತಲೆ ತಗ್ಗಿಸಿದರು. ಹಸಿ ಇರುವ ಕೊಬ್ಬರಿ ಸುಳ್ಳು ತೂಗುತ್ತದೆ ಎಂದು ಎಷ್ಟು ಮೂಟೆ ವಾಪಸು ಕಳಿಸಿದ್ದರೋ! ತಮ್ಮ ಮೈಯ ವಿಚಾರದಲ್ಲಿ ಮಾತ್ರ ಅದು ಹೊಳೆದಿರಲಿಲ್ಲ.

"ಹೊಟ್ಟೆ ಖಾಲಿ ಬಿಟ್ರೆ ಇವರ ಮೈ ತನ್ನ ಮಾಂಸಾನೇ ತಿನ್ನುತ್ತೆ," ಎಂದರು ಡಾಕ್ಟರ್. "ಉಪ್ಪು ಕಮ್ಮಿ ಮಾಡಿ. ಬೇಳೆ, ಕಾಳು, ಮೊಸರು ಚೆನ್ನಾಗಿ ಕೊಡಿ. ಮಲಗೋ ಮುಂಚೆ ಏನಾದ್ರೂ ತಿನ್ಬೇಕು, ಎದ್ದ ತಕ್ಷಣಾನೂ ತಿನ್ಬೇಕು. ಮಾಂಸ ಇನ್ನೂ ಕರಗಿದ್ರೆ ಒಂದು ಜ್ವರಾನೂ ತಡ್ಕೊಳಲ್ಲ ಇವರು."

ಬಸ್ಸಿನಲ್ಲಿ ವಿಶಾಲಮ್ಮ ಸೆರಗು ಬಾಯಿಗೊತ್ತಿ ಕೂತಳು. ನನ್ನ ಕೈಯಾರೆ ಗಂಡನ್ನ ಉಪವಾಸ ಕೆಡವಿದೆನಲ್ಲ.

"ಬಿಡೇ, ನಿಂಗೇನು ಗೊತ್ತಿತ್ತು," ಎಂದರು ಮರುಳಪ್ಪ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ಬೆಳಗ್ಗೆ ಹಾಲಿಗೆ ರಾಗಿ ಹುರಿಹಿಟ್ಟು ಕಲಸಿ, ಲೋಟ ಹಿಡಿದು ಹಾಸಿಗೆಯ ಹತ್ತಿರವೇ ಬಂದಳು.

"ಪೂಜೆ ಆಗ್ಲಿ," ಎಂದರು.

"ಸ್ನಾನ, ಪೂಜೆ ಅಂತ ಒಂದೂವರೆ ಗಂಟೆ ಆಯ್ತದೆ. ಎದ್ದ ತಕ್ಷಣ ಅಂದವ್ರೆ ಡಾಕ್ಟ್ರು."

"ಲಿಂಗ ಕಟ್ಟಿದಾಗಿಂದ ಪೂಜೆ ಮಾಡ್ದೆ ಒಂದು ಹನಿ ನೀರೂ ಮುಟ್ಟಿಲ್ಲ ನಾನು. ಸಾಯೋ ಕಾಲಕ್ಕೆ ಬಿಡ್ಲಾ?"

ಪೂಜೆಗೆ ಮೊದಲು ಅವಳೂ ಒಂದು ದಿನ ಬಾಯಿಗೆ ಏನನ್ನೂ ಹಾಕಿದವಳಲ್ಲ. ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. "ತಪ್ಪಾಯ್ತು ತಂದೆ," ಎಂದವಳೇ ಲೋಟ ಎತ್ತಿ ಒಂದು ಗುಟುಕು ಕುಡಿದುಬಿಟ್ಟಳು.

"ಏನೇ ಮಾಡ್ದೆ!"

"ಪಾಪ ಬಂದ್ರೆ ಇಬ್ರಿಗೂ ಬರ್ಲಿ. ನಂಗೆ ಭಯ ಆಯ್ತೈತೆ ಕಣ್ರೀ." ಎಂಜಲಾದ ಲೋಟವನ್ನೇ ಮುಂದೆ ಹಿಡಿದಳು.

ಮರುಳಪ್ಪ ಅವಳ ತುಟಿಯ ಮೇಲಿನ ಹಿಟ್ಟನ್ನು ನೋಡಿದರು. ಆಮೇಲೆ ಎರಡೂ ಕೈ ಚಾಚಿ ಲೋಟ ಹಿಡಿದರು. ಅದನ್ನು ತುಟಿಗೆ ತಂದರು. ಅವಳು ಲೋಟದ ಕೆಳಗೆ ಕೊಟ್ಟಿದ್ದ ಕೈಯನ್ನು ತೆಗೆಯಲಿಲ್ಲ.