ಪುಟ್ಟಸಿದ್ದಮ್ಮ ಮಂಚ ಬಿಟ್ಟಿದ್ದು

ವಿಷಮಶೀತ ಜ್ವರ ಬಿಟ್ಟು ಎರಡು ತಿಂಗಳಾಗಿದ್ದರೂ ಗುರುಪುರದ ಪುಟ್ಟಸಿದ್ದಮ್ಮ ಮಂಚ ಬಿಟ್ಟಿರಲಿಲ್ಲ. ಬಿಡಲು ಮಗ ದೇವಯ್ಯ ಒಪ್ಪುತ್ತಿರಲಿಲ್ಲ. ಅವನ ಅಪ್ಪನಿಗೂ ಇದೇ ಜ್ವರ ಬಂದಿತ್ತು. ಮೈ ತಣ್ಣಗಾಯಿತೆಂದು ಆತ ಮಾರನೆಯ ದಿನವೇ ನೇಗಿಲು ಹಿಡಿದು, ಜ್ವರ ಮರುಕಳಿಸಿ ತೀರಿಕೊಂಡಿದ್ದ.

“ಏಳ್‌ಬ್ಯಾಡ ಕಣವ್ವ, ಎಲ್ಲಾ ಮಂಚುಕ್ಕೇ ತತ್ತೀವಿ” ಎನ್ನುತ್ತಿದ್ದ ದೇವಯ್ಯ. ಸೊಸೆ ಮಂಗಳಮ್ಮ ಗಂಜಿಯನ್ನೂ ಬಾಯಿಗೇ ಹಿಡಿಯುತ್ತಿದ್ದಳು.

ಹೋದ ವರ್ಷ ಪುಟ್ಟಸಿದ್ದಮ್ಮ ಹೊಗೆಸೊಪ್ಪಿನ ಹೊರೆ ಹೊತ್ತು ಎಲ್ಲರಿಗಿಂತ ಮುಂದೆ ನಡೆದವಳು. ಈಗ ಕಾಲಿನ ಮೀನಖಂಡ ಇಳಿಬಿದ್ದಿತ್ತು, ಮಗ್ಗುಲು ಬದಲಿಸಿದರೆ ಏದುಸಿರು. ಮುಪ್ಪು ಬಂದುಬಿಟ್ಟಿತು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಪೆಟ್ಟಿಗೆಯಲ್ಲಿದ್ದ ಬೆಳ್ಳಿ ಡಾಬನ್ನು ಸೊಸೆಯ ಕೈಗೆ ಕೊಟ್ಟು, “ನೀನಿಕ್ಕೋ. ನಂಗಿನ್ಯಾಕೆ?” ಅಂದಳು.

ಒಂದು ದಿನ ಗಂಡನ ಅಕ್ಕ ಕೆಂಪಾಜಮ್ಮ ಕೆರೆಯಾಚೆಯ ಊರಿನಿಂದ ಅಲಸಂದೆಕಾಯಿ ಬುಟ್ಟಿ ಹೊತ್ತು ನಡೆದುಕೊಂಡು ಬಂದಳು. ಪುಟ್ಟಸಿದ್ದಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಬುಟ್ಟಿ ಇಳಿಸಿ ನೋಡಿದವಳೇ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ ಅಮ್ಮೀ, ನೀ ನನ್ ಅವ್ವನಂಗ್ ಆಗಿದ್ದೀಯಲ್ಲೇ! ಏಳು, ಎದ್ ನಿಂತ್ಕೋ.”

ರಟ್ಟೆ ಹಿಡಿದು ಎಬ್ಬಿಸಿಯೇಬಿಟ್ಟಳು. ಸಾರಿಸಿದ ನೆಲ ಅಂಗಾಲಿಗೆ ತಣ್ಣಗೆ ತಾಗಿತು. ಆ ಸುಖವನ್ನು ಪುಟ್ಟಸಿದ್ದಮ್ಮ ಮರೆತೇಬಿಟ್ಟಿದ್ದಳು. ಮರುಕ್ಷಣವೇ ಕಿವಿ ಗುಂಯ್‌ಗುಟ್ಟಿ, ಕಣ್ಣು ಕತ್ತಲಿಟ್ಟು ಕುಸಿದಳು. ಹಣೆ ಮಂಚದ ಅಂಚಿಗೆ ಬಡಿದು ರಕ್ತ ಬಂತು.

ಸದ್ದು ಕೇಳಿ ಓಡಿಬಂದ ದೇವಯ್ಯ ಕೆಂಡವಾದ. “ಅಪ್ಪನ್ ಕಳ್ಕಂಡಿದ್ದು ಸಾಲ್ದಾ ಅತ್ತೆ? ಅವ್ವನ್ನೂ ಕೊಂದ್‌ಬುಡ್ಬೇಕಾ? ಇನ್ ಈ ಬಾಗ್ಲಿಗೆ ಬರ್‌ಬ್ಯಾಡ!”

ಕೆಂಪಾಜಮ್ಮನ ತುಟಿ ಅದುರಿತು. ಬುಟ್ಟಿಯನ್ನೂ ಅಲ್ಲೇ ಬಿಟ್ಟು ಹೊರಟುಹೋದಳು.

ಊರಿನಲ್ಲಿ ಆ ವಾರ ಪ್ಲೇಗಿನ ಸೂಜಿ ಹಾಕುತ್ತಿದ್ದರು. ಅದಕ್ಕೆಂದು ಹುಣಸೂರಿನಿಂದ ಬಂದಿದ್ದ ಡಾಕ್ಟರು ಷಣ್ಮುಖಪ್ಪನವರನ್ನು ದೇವಯ್ಯ ಕರೆತಂದ. ಅವರು ಗಾಯಕ್ಕೆ ಪಟ್ಟಿ ಕಟ್ಟಿ, ನಾಡಿ ಹಿಡಿದು, ಕಾಲನ್ನು ಒತ್ತಿ ನೋಡಿದರು.

“ಜ್ವರ ಬಿಟ್ಟು ಇಷ್ಟು ದಿನವಾದ್ರೂ ಯಾಕಪ್ಪ ಮಲಗಿಸಿದೀಯ?”

ದೇವಯ್ಯ ಅಪ್ಪನ ಸಾವಿನ ಕಥೆ ಹೇಳಿದ. ಡಾಕ್ಟರು ಗದರಲಿಲ್ಲ, ಜಗಲಿಯ ಮೇಲೆ ಅವನ ಪಕ್ಕದಲ್ಲೇ ಕುಳಿತರು.

“ನಿಮ್ಮಪ್ಪ ಬಹಳ ಬೇಗ ಎದ್ರು. ನಿಮ್ಮವ್ವ ಏಳಲೇ ಇಲ್ಲ. ನೋಡು, ಭೂಮಿ ನಮ್ಮನ್ನ ಸದಾ ಕೆಳಕ್ಕೆ ಎಳೀತಾ ಇರತ್ತೆ. ನಿಂತೋರ ಮೂಳೆ, ಮಾಂಸ ಅದರ ಜೊತೆ ಜಗ್ಗಾಡಿ ಜಗ್ಗಾಡಿ ಗಟ್ಟಿಯಾಗ್ತವೆ. ಮಲಗಿದೋರಿಗೆ ಆ ಜಗ್ಗಾಟವೇ ಇಲ್ಲ, ಎಲ್ಲಾ ಸವೆದುಹೋಗತ್ತೆ. ತಟ್ಟಂತ ಎಬ್ಬಿಸಿದ್ರೆ ರಕ್ತ ಕಾಲಿಗಿಳಿದು ತಲೆ ಸುತ್ತತ್ತೆ. ಮೊದಲು ಕಾಲು ಇಳಿಬಿಟ್ಟು ಕೂರಿಸು. ಆಮೇಲೆ ಹಿಡ್ಕೊಂಡು ನಿಲ್ಲಿಸು.”

ಒಳಗಿನಿಂದ ಪುಟ್ಟಸಿದ್ದಮ್ಮನ ಸಣ್ಣ ದನಿ ಕೇಳಿತು. “ಬುದ್ದಿ, ಇದು ಮುಪ್ಪಲ್ವಾ?”

“ಮುಪ್ಪು ಒಂದಿಷ್ಟು ಇರಬಹುದು ತಾಯಿ. ಮಿಕ್ಕಿದ್ದೆಲ್ಲ ಮಂಚದ್ದು.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅಂದು ಸಂಜೆ ದೇವಯ್ಯನೇ ಅವ್ವನನ್ನು ಎತ್ತಿ ಕೂರಿಸಿದ. ಕೆಲವು ದಿನ ಬರೀ ಕೂರುವುದಾಯಿತು. ಆಮೇಲೆ ಕಂಬ ಹಿಡಿದು ನಿಲ್ಲುವುದು. ತನ್ನ ಮೈಯೇ ತುಂಬಿದ ಹಂಡೆಯಷ್ಟು ಭಾರವೆಂದು ಅವಳಿಗೆ ಗೊತ್ತಾಗಿದ್ದು ಆಗಲೇ. ಅಂಗಾಲು ಉರಿಯುತ್ತಿತ್ತು, ಮಂಡಿ ಸಿಡಿಯುತ್ತಿತ್ತು. “ಇವತ್ ನನ್ ಕೈಲಾಗಲ್ಲ, ಬುಟ್ಬುಡು” ಎಂದು ಗೋಡೆಗೆ ಮುಖ ತಿರುಗಿಸಿದ ದಿನಗಳೂ ಇದ್ದವು. ಅಂಥ ದಿನ ಮಂಗಳಮ್ಮ ಬಲವಂತ ಮಾಡದೆ, ಗಂಜಿಯ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಕರೆಯುತ್ತಿದ್ದಳು. ಹಸಿವು ಹಟವನ್ನು ಗೆಲ್ಲುತ್ತಿತ್ತು. ರಾಗಿ ಕೊಯ್ಲಿನ ಹೊತ್ತಿಗೆ ಅವಳು ಕೋಲೂರಿಕೊಂಡು ಕಣದವರೆಗೆ ಹೋಗಿಬರತೊಡಗಿದಳು.

ಒಂದು ಬೆಳಗ್ಗೆ ಸೀರೆ ಬದಲಿಸಿ ಹೊರಗೆ ಬಂದು, “ಅತ್ಗೆ ಮನೆಗೋಗ್ಬೇಕು” ಅಂದಳು.

“ಗಾಡಿ ಕಟ್ತೀನಿ ಇರು.”

“ಗಾಡೀಲೋದ್ರೆ ಅವಳ್ಗೇನ್ ತೋರುಸ್ಲಿ? ನಡ್ದೇ ಬತ್ತೀನಿ. ನೀನೂ ಬಾ. ನೀ ಆಡಿದ್ ಮಾತ್ ನಾ ತೀರ್ಸಕಾಯ್ತದಾ?”

ದೇವಯ್ಯ ತಲೆ ತಗ್ಗಿಸಿ ಜೊತೆಗೆ ನಡೆದ. ಕೆರೆ ಏರಿಯ ಮೇಲೆ ಅಲ್ಲಲ್ಲಿ ಕೂತು, ಸುಧಾರಿಸಿಕೊಂಡು ಅವರು ಸಾಗಿದರು. ಎಲ್ಲಿಯೂ ಅವಳು ಮಗನ ಹೆಗಲು ಕೇಳಲಿಲ್ಲ.

ಕೆಂಪಾಜಮ್ಮ ಕಣದಲ್ಲಿ ರಾಗಿ ತೂರುತ್ತಿದ್ದಳು. ಇವರನ್ನು ಕಂಡು ಮೊರ ಹಿಡಿದಂತೆಯೇ ನಿಂತುಬಿಟ್ಟಳು. ದೇವಯ್ಯ ಬಗ್ಗಿ ಅವಳ ಕಾಲು ಮುಟ್ಟಿದ. “ತಪ್ಪಾಯ್ತು ಅತ್ತೆ. ಎದ್ರಿಕೇಲಿ ಬಾಯಿಗ್ ಬಂದಂಗ್ ಅಂದ್‌ಬುಟ್ಟೆ.”

“ಏಳ್ಲಾ ಮೇಲೆ! ನಂದೂ ತಪ್ಪೇಯ. ಅಂಗ್ ಗಬಕ್ಕನೆ ಎಬ್ಬಿಸ್ಬಾರ್ದಾಗಿತ್ತು” ಎಂದ ಕೆಂಪಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮನ ಹೆಂಡತಿಯ ಕಡೆ ತಿರುಗಿದಳು. “ಬಾಮ್ಮೀ, ನೆಳ್ಳಲ್ ಕೂತ್ಕೋ. ಸುಸ್ತಾಗಿದ್ದೀಯ.”

“ಕೂರಕ್ ಬಂದಿಲ್ಲ ಬುಡು. ಇನ್ನೊಂದ್ ಮೊರ ಎಲ್ಲಯ್ತೆ?”

ಗಾಳಿ ಎದ್ದಿತ್ತು. ಕೋಲನ್ನು ಬಣವೆಗೆ ಒರಗಿಸಿ, ಪುಟ್ಟಸಿದ್ದಮ್ಮ ಕಾಲಗಲಿಸಿ ನಿಂತು ಮೊರವನ್ನು ತಲೆಯೆತ್ತರಕ್ಕೆ ಎತ್ತಿದಳು. ಹೊಟ್ಟು ಆಚೆ ಹಾರಿ, ಕಾಳು ಅವಳ ಪಾದದ ಸುತ್ತ ಸುರಿಯಿತು. ದೇವಯ್ಯ ಹಿಡಿದುಕೊಳ್ಳಲೆಂದು ಒಂದು ಹೆಜ್ಜೆ ಮುಂದೆ ಬಂದವನು, ಅವ್ವನ ಮುಖ ನೋಡಿ ಅಲ್ಲೇ ನಿಂತ.

“ನೀ ಓಗಪ್ಪ, ದನುಕ್ ನೀರ್ ಕುಡುಸ್ಬೇಕಲ್ಲ” ಎಂದಳು ಅವಳು, ಮೊರ ಇಳಿಸದೆಯೇ. “ನಾ ನಾಳೆ ಬತ್ತೀನಿ.”